ಸಂಗಪ್ಪನ ಕಲ್ಲು ಎಲ್ಲಿತ್ತು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನನ್ನು ನೋಡಲು ಬಂದಾಗ ಮೊದಲು ಕೇಳುವ ಪ್ರಶ್ನೆ ಒಂದೇ: "ಮೇಡಂ, ನೀವು ಯಾವ ಸಾಫ್ಟ್‌ವೇರ್ ಬಳಸ್ತಿದ್ರಿ?" ನಾನು ಏಳು ಅಂಕಿಯ ಲಾಗರಿದಮ್ ಕೋಷ್ಟಕಗಳಿರುವ ಲಾಗ್ ಪುಸ್ತಕದಿಂದ ಶುರುಮಾಡಿ ಲ್ಯಾಪ್‌ಟಾಪಿನಲ್ಲಿ ಮುಗಿಸಿದವಳು. ನಡುವೆ ಕೈಗೆ ಬಂದ ಎಲ್ಲವನ್ನೂ ಬಳಸಿದ್ದೇನೆ, ಯಾವುದನ್ನೂ ಪೂರ್ತಿ ನಂಬಿಲ್ಲ. ಒಂದೇ ಒಂದು ಸಲ ನಂಬಿದೆ. ಆಗ ಒಬ್ಬ ಮನುಷ್ಯನ ಮಾನ ಹೋಯಿತು. ಅದನ್ನು ಹೇಳಬೇಕೆಂದೇ ಕುಳಿತಿದ್ದೇನೆ. ಆದರೆ ನಮ್ಮ ಕೆಲಸ ಏನೆಂದು ತಿಳಿಯದೆ ಅದು ಅರ್ಥವಾಗುವುದಿಲ್ಲವಾದ್ದರಿಂದ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ನಾನು ಬನಹಟ್ಟಿಯ ನೇಕಾರರ ಮನೆಯವಳು. ಗಣಿತದಲ್ಲಿ ಪದವಿ ಮುಗಿಸಿದ ವರ್ಷವೇ ಜಮಖಂಡಿಯ ಒಂದು ಮೋಜಣಿ ಕಚೇರಿಯಲ್ಲಿ, ಅಂದರೆ ಸರ್ವೇ ಕಚೇರಿಯಲ್ಲಿ, ಲೆಕ್ಕ ಮಾಡುವ ಕೆಲಸ ಸಿಕ್ಕಿತು. ಲೆಕ್ಕವೆಂದರೆ ದುಡ್ಡಿನದಲ್ಲ, ಕೋನಗಳದು. ಕಾಲುವೆ, ರಸ್ತೆ, ಸೇತುವೆ ಕಟ್ಟುವ ಮೊದಲು ನಮ್ಮ ಸರ್ವೇಯರುಗಳು ಹೊಲದಲ್ಲಿ ಒಂದು ಕಲ್ಲು ನೆಟ್ಟು, ಅದರ ಮೇಲೆ ಕೋನ ಅಳೆಯುವ ದುರ್ಬೀನು ಥಿಯೋಡೊಲೈಟ್ ನಿಲ್ಲಿಸಿ, ದೂರದ ಗುಡಿಯ ಕಳಸ, ಕಾರ್ಖಾನೆಯ ಚಿಮಣಿ, ನೀರಿನ ಟಾಕಿ ಇವುಗಳನ್ನು ನೋಡಿ ಅವುಗಳ ನಡುವಿನ ಕೋನಗಳನ್ನು ಅಳೆದು ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದರು. ಕಳಸ, ಚಿಮಣಿ, ಟಾಕಿ ನಕ್ಷೆಯಲ್ಲಿ ಎಲ್ಲಿವೆಯೆಂದು ಗೊತ್ತು. ಕಲ್ಲು ಎಲ್ಲಿದೆಯೆಂದು ಗೊತ್ತಿಲ್ಲ. ಸೈನು, ಕೊಸೈನು, ಟ್ಯಾನು ತುಂಬಿದ ಎರಡು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಿದರೆ ಕಲ್ಲಿನ ಜಾಗ ಹೊರಬೀಳುತ್ತದೆ. ಬಿಡಿಸುವುದು ನಮ್ಮ ಕೆಲಸ.

ನಮಗೆ ಹಿರಿಯರಾಗಿ ಪಟ್ಟಣಶೆಟ್ಟಿ ಎಂಬ ಹೆಡ್ ಡ್ರಾಫ್ಟ್ಸ್‌ಮನ್ ಇದ್ದರು. ಒಂದೇ ಹಾಳೆಯ ಲೆಕ್ಕವನ್ನು ಇಬ್ಬರು, ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತು, ಬೇರೆ ಬೇರೆಯಾಗಿ ಮಾಡಬೇಕೆಂಬುದು ಅವರ ಕಟ್ಟಪ್ಪಣೆ. ನಾನು ಸೇರಿದ ಮೊದಲ ವಾರವೇ ನನ್ನ ಹಾಳೆಯೂ ನನ್ನ ಬೆನ್ನ ಹಿಂದಿನ ಗುಮಾಸ್ತನ ಹಾಳೆಯೂ ಕೊನೆಯ ಅಂಕಿಯವರೆಗೆ ಒಂದೇ ಬಂದವು. ಶಾಭಾಸ್ ಅನ್ನುತ್ತಾರೆಂದು ಕಾಯುತ್ತಾ ನಿಂತೆ. ಅವರು ಎರಡೂ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಬೆರಳು ಇಳಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು.

"ಉತ್ತರ ಎರಡೂ ಒಂದ ಬಂದಾವ, ಛಲೋ ಆತು. ಮೂರನೇ ಸಾಲಿನಾಗ ತಪ್ಪೂ ಒಂದ ಹ್ಯಾಂಗ ಬಂತು, ಅದನ್ನ ಹೇಳ್ರಿ."

ಗುಮಾಸ್ತ ನನ್ನ ಹಾಳೆ ನೋಡಿ ಇಳಿಸಿದ್ದ. ನನಗೆ ಅದು ಗೊತ್ತಿರಲಿಲ್ಲ. ಆದರೂ ಪಟ್ಟಣಶೆಟ್ಟಿಯವರು ಇಬ್ಬರಿಗೂ ಸಂಜೆಯ ತನಕ ಅದೇ ಲೆಕ್ಕವನ್ನು ಮತ್ತೆ ಮಾಡಿಸಿದರು. ಅಂದಿನಿಂದ ನಾನು ಹಾಳೆಯ ಮೇಲೆ ಮೊಣಕೈ ಅಡ್ಡ ಇಟ್ಟು ಬರೆಯುವುದನ್ನು ಕಲಿತೆ. ಮನೆಯಲ್ಲಿ ಕಿರಾಣಿ ಚೀಟಿ ಬರೆಯುವಾಗಲೂ ಈಗಲೂ ಹಾಗೇ ಬರೆಯುತ್ತೇನೆ.

ನನ್ನದೇ ಮೊದಲ ದೊಡ್ಡ ತಪ್ಪು ಸಾವಳಗಿಯದು. ಆಗ ಲಾಗ್ ಪುಸ್ತಕ ಹೋಗಿ ಕ್ಯಾಲ್ಕುಲೇಟರ್ ಬಂದಿತ್ತು. ಸಾವಳಗಿ ಹತ್ತಿರ ಒಂದು ಸಣ್ಣ ಕಾಲುವೆ ಬಲಕ್ಕೆ ತಿರುಗಬೇಕಿತ್ತು. ತಿರುವಿನ ಲೆಕ್ಕ ನನ್ನದು. ಟ್ಯಾನ್ ಒಂದೇ ಆಗಿರುವ ದಿಕ್ಕುಗಳು ಎರಡಿರುತ್ತವೆ, ಒಂದಕ್ಕೊಂದು ತೀರ ವಿರುದ್ಧ. ಕ್ಯಾಲ್ಕುಲೇಟರಿನ ಗುಂಡಿ ಒತ್ತಿದರೆ ಅದು ಎರಡರಲ್ಲಿ ಒಂದನ್ನು ಮಾತ್ರ ತೋರಿಸುತ್ತದೆ, ಇನ್ನೊಂದಿದೆ ಎಂದು ಹೇಳುವುದಿಲ್ಲ. ನಾನು ತೋರಿಸಿದ್ದನ್ನು ಬರೆದುಕೊಂಡೆ. ತಿರುವಿನ ಕೇಂದ್ರ ಬಲಗಡೆ ಇರಬೇಕಾದದ್ದು ಎಡಗಡೆ ಬಿತ್ತು. ಬೆನ್ನ ಹಿಂದೆ ಕುಳಿತು ಅದೇ ಲೆಕ್ಕ ಮಾಡಬೇಕಾದವರು ಆ ವಾರ ರಜೆಯಲ್ಲಿದ್ದರು. ಗೂಟ ಹೊಡೆಯುವವರು ಕಾಗದದಲ್ಲಿದ್ದಂತೆ ಗೂಟ ಹೊಡೆದು ಬಂದರು.

ಎರಡು ದಿನ ಬಿಟ್ಟು ಒಬ್ಬ ರೈತ ಕಚೇರಿಗೆ ಬಂದ. ಕೈಯಲ್ಲಿ ನಮ್ಮದೇ ಗೂಟ, ತುದಿಗೆ ಕೆಂಪು ಬಣ್ಣ.

"ಬಾಯಾರ, ನಿಮ್ಮ ಕಾಲುವಿ ನಮ್ಮ ಬಾವ್ಯಾಗ ಇಳದೈತ್ರಿ," ಅಂದ. "ಆಚಿ ಹೊಲದ ಗೌಡ್ರನ ಬಚಾವ್ ಮಾಡಾಕ ಹಿಂಗ ತಿರುಗಿಸೀರೇನು? ಖರೆ ಹೇಳ್ರಿ, ಯಾರ ಹೇಳ್ಯಾರ?"

ಯಾರೂ ಹೇಳಿಲ್ಲ, ನಾನು ಒಂದು ಗುಂಡಿ ಒತ್ತಿ ಸುಮ್ಮನಾಗಿದ್ದೆ ಅಷ್ಟೇ ಎಂದು ಅವನಿಗೆ ಎಷ್ಟು ಹೇಳಿದರೂ ಅವನು ನಂಬಲಿಲ್ಲ. ತಪ್ಪನ್ನು ತಿದ್ದಿ ಕಾಲುವೆಯನ್ನು ಬಲಕ್ಕೆ ತಿರುಗಿಸಿದ ಮೇಲೆ ಆ ಗೌಡರು ಬಂದು ಅದೇ ಪ್ರಶ್ನೆ ಕೇಳಿದರು. ನಮ್ಮ ಭಾಗದಲ್ಲಿ ಗೆರೆ ಎಳೆಯುವವಳು ಸುಮ್ಮನೆ ತಪ್ಪು ಮಾಡುತ್ತಾಳೆಂದು ಯಾರೂ ಒಪ್ಪುವುದಿಲ್ಲ. ಹಿಂದೆ ಯಾರೋ ಇದ್ದಾರೆಂದೇ ತಿಳಿಯುತ್ತಾರೆ. ಬರಬರುತ್ತಾ ನನಗೂ ಆ ಗುಣ ಅಂಟಿತು.

ಪಟ್ಟಣಶೆಟ್ಟಿಯವರು ನಿವೃತ್ತರಾಗಿ ಕೆಲವು ವರ್ಷಗಳ ಮೇಲೆ ಇನಾಮದಾರ ಎಂಬ ಸಾಹೇಬರು ನಮ್ಮ ಕಚೇರಿಗೆ ಮುಖ್ಯಸ್ಥರಾಗಿ ಬಂದರು. ಚುರುಕಿನ ಮನುಷ್ಯ. ಬರುವಾಗಲೇ ಒಂದು ಕಂಪ್ಯೂಟರನ್ನೂ ಒಂದು ಪ್ರೋಗ್ರಾಮನ್ನೂ ತಂದಿದ್ದರು. ಬೆನ್ನಿಗೆ ಬೆನ್ನು ಹಚ್ಚಿ ಕುಳಿತುಕೊಳ್ಳುವ ಪದ್ಧತಿಯನ್ನು ನೋಡಿ ನಕ್ಕು, "ಎರಡು ಮಂದಿ ಪಗಾರ, ಒಂದು ಉತ್ತರ," ಅಂದು ಅದನ್ನು ನಿಲ್ಲಿಸಿದರು.

ಆ ಪ್ರೋಗ್ರಾಮು ಕೆಲಸ ಮಾಡುತ್ತಿದ್ದ ರೀತಿಯೇ ಬೇರೆ. ನಾವು ಸಮೀಕರಣವನ್ನು ಸೂತ್ರ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತಿದ್ದೆವು. ಅದು ಬಿಡಿಸುತ್ತಲೇ ಇರಲಿಲ್ಲ, ಊಹೆ ಮಾಡುತ್ತಿತ್ತು. ಕಲ್ಲು ಸುಮಾರು ಇಲ್ಲಿರಬಹುದೆಂದು ನೀವು ಒಂದು ಜಾಗ ಹೇಳಬೇಕು. ಅಲ್ಲಿ ನಿಂತರೆ ಕಳಸ ಚಿಮಣಿಗಳ ನಡುವೆ ಎಷ್ಟು ಕೋನ ಕಾಣಬೇಕೆಂದು ಅದು ಲೆಕ್ಕ ಹಾಕುತ್ತದೆ. ಹೊಲದಲ್ಲಿ ಅಳೆದ ಕೋನಕ್ಕೂ ಇದಕ್ಕೂ ಇರುವ ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿಸುತ್ತದೆ. ಆ ಮೊತ್ತಕ್ಕೆ ನಾವು ಉಳಿಕೆ ಅನ್ನುತ್ತಿದ್ದೆವು. ಉಳಿಕೆ ಯಾವ ಕಡೆ ಸರಿದರೆ ಕಡಿಮೆಯಾಗುತ್ತದೋ ಆ ಕಡೆ ಒಂದು ಹೆಜ್ಜೆ ಸರಿಯುತ್ತದೆ. ಮತ್ತೆ ಲೆಕ್ಕ, ಮತ್ತೆ ಒಂದು ಹೆಜ್ಜೆ. ಕತ್ತಲಲ್ಲಿ ಇಳಿಜಾರನ್ನು ಕಾಲಿನಿಂದ ತಡವಿಕೊಂಡು ತಗ್ಗು ಹುಡುಕಿದ ಹಾಗೆ. ಉಳಿಕೆ ಸೊನ್ನೆಯ ಹತ್ತಿರ ಬಂತೆಂದರೆ ನಿಂತು, ಇದೇ ಜಾಗ ಎನ್ನುತ್ತದೆ. ಅರ್ಧ ದಿನದ ಕೆಲಸ ಅರ್ಧ ನಿಮಿಷದಲ್ಲಿ ಆಗುತ್ತಿತ್ತು.

ಮೊದಲ ಮೂರು ತಿಂಗಳು ನಾನು ಮನೆಗೆ ಹಾಳೆ ಒಯ್ದು ಲಾಗ್ ಪುಸ್ತಕ ಹಿಡಿದು ಅದರ ಉತ್ತರಗಳನ್ನು ಕದ್ದು ಪರೀಕ್ಷಿಸಿದೆ. ಎಲ್ಲವೂ ಸರಿ ಬಂದವು. ನಾಲ್ಕನೇ ತಿಂಗಳಿಗೆ ಬಿಟ್ಟೆ.

ಸಂಗಪ್ಪನ ವಿಷಯಕ್ಕೆ ಬರುತ್ತೇನೆ. ಅವನು ನಮ್ಮ ಸರ್ವೇಯರ್. ಮುಧೋಳ ಕಡೆಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಮಾತು ಬಹಳ ಕಡಿಮೆ. ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಉತ್ತರ. ಕಚೇರಿಯಲ್ಲಿ ಮಾತು ಕಡಿಮೆ ಇರುವವನ ಮೇಲೆ ಎಲ್ಲರಿಗೂ ಒಂದು ಕಣ್ಣಿರುತ್ತದೆ, ನನಗೂ ಇತ್ತು.

ಬೀಳಗಿ ತಾಲ್ಲೂಕಿನ ಒಂದು ಹೊಳೆದಂಡೆಯ ಊರಿನಲ್ಲಿ ಸೇತುವೆಯ ಮೋಜಣಿ ನಡೆದಿತ್ತು. ಈಚೆ ದಂಡೆಯ ದಿಬ್ಬದ ಮೇಲೆ, ಗುರುತುಗಳು ಚೆನ್ನಾಗಿ ಕಾಣುವ ಕಡೆ, ಸಂಗಪ್ಪ ಒಂದು ಕಲ್ಲು ನೆಟ್ಟು, ಆಚೆ ದಂಡೆಯ ಮೂರು ಗುರುತುಗಳನ್ನು ನೋಡಿ ಎರಡು ಕೋನ ಅಳೆದು ತಂದ. ಒಂದು ಗುಡಿಯ ಕಳಸ, ನಡುವೆ ದೂರದಲ್ಲಿ ಕಾರ್ಖಾನೆಯ ಚಿಮಣಿ, ಬಲಕ್ಕೆ ನೀರಿನ ಟಾಕಿ. ಆ ಕಲ್ಲನ್ನೇ ಆಧಾರ ಮಾಡಿಕೊಂಡು ಸೇತುವೆಗೆ ಹೋಗುವ ರಸ್ತೆಯ ಗೂಟ ಹೊಡೆಯುವುದಿತ್ತು. ಪುಸ್ತಕದ ಕೆಳಗೆ ಅವನು ತನ್ನ ರೂಢಿಯಂತೆ ಇನ್ನೊಂದು ಅಳತೆ ಬರೆದಿದ್ದ: ಕಲ್ಲಿನಿಂದ ಊರಿನ ಹಳೆ ಬಾವಿಯ ಕಟ್ಟೆಗೆ ಯಾವ ದಿಕ್ಕು, ಅಳತೆಯ ಸರಪಳಿ ಹಿಡಿದಾಗ ಎಷ್ಟು ದೂರ. ಬಾವಿ ಊರಿನ ಹಳೆ ನಕ್ಷೆಯಲ್ಲಿತ್ತು.

ಎರಡು ವಾರ ಬಿಟ್ಟು ಆ ಪುಸ್ತಕ ನನ್ನ ಸರದಿಗೆ ಬಂತು. ಯೋಜನೆಯ ನಕ್ಷೆಯಲ್ಲಿ ಕಲ್ಲು ಸುಮಾರಾಗಿ ಇರಬೇಕಾದ ಜಾಗವನ್ನೇ ನಾನು ಊಹೆಯಾಗಿ ಕೊಟ್ಟು ಪ್ರೋಗ್ರಾಮು ಓಡಿಸಿದೆ. ಉಳಿಕೆ ಸೊನ್ನೆಗೆ ಇಳಿಯಿತು. ಉತ್ತರ ಬಂತು. ಆದರೆ ಬಾವಿಯ ಅಳತೆಯ ಪ್ರಕಾರ ಕಲ್ಲು ಇನ್ನೆಲ್ಲೋ ಇತ್ತು. ಎರಡರ ನಡುವೆ ಮೂವತ್ತು ಮೀಟರಿನ ಅಂತರ.

ಇನಾಮದಾರ ಸಾಹೇಬರು ಬಾವಿಯ ಅಳತೆಯನ್ನು ನೋಡಿಕೊಂಡು ಬಾ ಎಂದು ಒಬ್ಬ ಜವಾನನನ್ನು ಕಳಿಸಿದರು. ಅವನು ಸಂಜೆ ಬಂದು, "ಸಾಹೇಬ್ರ, ಅಲ್ಲಿ ಬಾವೀನ ಇಲ್ರಿ," ಅಂದ.

ಇಲ್ಲದ ಬಾವಿಗೆ ಸರಪಳಿ ಹಿಡಿದವನು ಇನ್ನೇನೇನು ಬರೆದಿರಬೇಕು! ಆಗ ನನಗೆ ನೆನಪಾಯಿತು. ಪುಸ್ತಕದ ಮೇಲಿದ್ದ ದಿನದಂದೇ ನಾನು ಕಚೇರಿಯ ಕೆಲಸದ ಮೇಲೆ ಹೋಗುತ್ತಾ ಲೋಕಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಂಗಪ್ಪನನ್ನು ನೋಡಿದ್ದೆ. ಮಧ್ಯಾಹ್ನ. ಇಸ್ತ್ರಿ ಮಾಡಿದ ಅಂಗಿ, ಬಿಳಿ ಧೋತರ, ಕೈಯಲ್ಲಿ ಸೀರೆಯ ಪೊಟ್ಟಣ. ಅವನೂ ನನ್ನನ್ನು ನೋಡಿ ತಲೆ ಬಾಗಿಸಿದ್ದ. ನಾನೂ ಬಾಗಿಸಿ ನನ್ನ ಬಸ್ ಹತ್ತಿದ್ದೆ.

ಇದನ್ನು ಸಾಹೇಬರಿಗೆ ಹೇಳಿದವಳು ನಾನೇ. ಯಾರೂ ಕೇಳಿರಲಿಲ್ಲ.

ಮರುದಿನ ಸಾಹೇಬರು ಸಂಗಪ್ಪನನ್ನು ಕರೆಸಿದರು. ಬಾಗಿಲ ಹತ್ತಿರ ನಾನು ಪುಸ್ತಕ ಹಿಡಿದು ನಿಂತಿದ್ದೆ.

"ಆ ದಿನ ಲೋಕಾಪುರದಾಗ ಇದ್ದಿ, ಹೌದಿಲ್ಲೋ?"

"ಹೌದ್ರಿ. ಅಕ್ಕನ ಮಗಳ ಲಗ್ನ ಇತ್ರಿ."

"ಹೊಲಕ್ಕ ಹೋಗಿದ್ನಿ ಅಂತ ಬರದಿ."

"ಹೋಗಿದ್ನಿರಿ."

"ಹೊಲದಾಗೂ ಇದ್ದಿ, ಲಗ್ನದಾಗೂ ಇದ್ದಿ?"

"ಹೌದ್ರಿ."

ಸಾಹೇಬರು ನನ್ನ ಕಡೆ ನೋಡಿ ನಕ್ಕರು. "ಸರಪಳಿ ಯಾರು ಹಿಡದ್ರು?" ಅಂತ ಕೇಳಿದರು. ಊರಿನ ಇಬ್ಬರು ಕೂಲಿಯವರ ಹೆಸರು ಹೇಳಿದ. ಅವರನ್ನು ಕೇಳಿಸಿದರೆ ಅವರೂ ಹೌದು ಅಂದರು. "ಅವರೂ ಇವನ ಕಡೀ ಮಂದೀನ," ಅಂದರು ಸಾಹೇಬರು. ನಂಬದಿರಬೇಕೆಂದು ಒಮ್ಮೆ ತೀರ್ಮಾನಿಸಿದ ಮೇಲೆ ಸಾಕ್ಷಿ ಹೇಳಿದವನೂ ಪಾಲುದಾರನಾಗಿಯೇ ಕಾಣುತ್ತಾನೆ.

ಸಾಹೇಬರು ಲೆಕ್ಕದ ಬಗ್ಗೆ ನನ್ನಿಂದ ಒಂದು ಟಿಪ್ಪಣಿ ಕೇಳಿದರು. ಬರೆದುಕೊಟ್ಟೆ: "ಕೋನಗಳ ಉಳಿಕೆ ನಗಣ್ಯವಾಗಿದೆ. ಲೆಕ್ಕದಲ್ಲಿ ದೋಷವಿಲ್ಲ. ಸರಪಳಿಯ ಅಳತೆ ನಂಬಲರ್ಹವಲ್ಲ." ಮೂರು ವಾಕ್ಯ, ಕೆಳಗೆ ನನ್ನ ಸಹಿ. ವಾರದೊಳಗೆ ಸಂಗಪ್ಪನನ್ನು ಅಮಾನತಿನಲ್ಲಿಟ್ಟರು. ಅವನು ಉಪಕರಣಗಳ ಪೆಟ್ಟಿಗೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು, "ಲೆನ್ಸ್ ಒರಸೂ ಅರಿವಿ ಒಳಗ ಐತ್ರಿ," ಎಂದಷ್ಟೇ ಹೇಳಿ ಹೋದ.

ಗೂಟ ಹೊಡೆಯುವ ಕೆಲಸ ನನ್ನ ಉತ್ತರದ ಮೇಲೆ ಮುಂದುವರಿಯಿತು. ಹತ್ತು ದಿನಕ್ಕೆ ಆ ಊರಿನ ಸಾಲೆಯ ಮುಖ್ಯಾಧ್ಯಾಪಕಿ ಕಚೇರಿಗೆ ಬಂದರು. ಐವತ್ತರ ಆಚೆಯ ಹೆಂಗಸು, ಗಟ್ಟಿ ಧ್ವನಿ.

"ನಿಮ್ಮ ಗೂಟ ನಮ್ಮ ಸಾಲಿ ಎರಡು ಖೋಲಿ ಸೀಳಿಕೊಂಡು ಹೊಂಟಾವ. ಮೊದಲ ತೋರ್ಸಿದ ನಕ್ಷೆದಾಗ ರಸ್ತಾ ಸಾಲಿ ಆಚಿಗಿ ಇತ್ತು. ಈಗ ಯಾರ ಕಬ್ಬಿನ ಹೊಲ ಉಳಿಸಾಕ ಈಚಿಗಿ ಬಂತರಿ?"

ಸಾಹೇಬರು ಅವರನ್ನು ಹೇಗೋ ಸಾಗಹಾಕಿದರು. ಸಾವಳಗಿಯ ರೈತನ ಕೈಯಲ್ಲಿದ್ದ ಕೆಂಪು ತುದಿಯ ಗೂಟ ನನ್ನ ಕಣ್ಣಿಗೆ ಬಂತು. ಆದರೂ ನಾನು ನನ್ನ ಲೆಕ್ಕದ ಮೇಲೆ ಸಂಶಯಪಡಲಿಲ್ಲ. ಸಂಗಪ್ಪ ಕಲ್ಲನ್ನೇ ಬೇರೆ ಕಡೆ ನೆಟ್ಟು, ಅದನ್ನು ಮುಚ್ಚಿಡಲು ಬಾವಿಯ ಕಥೆ ಕಟ್ಟಿರಬೇಕು, ಇದರ ಹಿಂದೆ ನಿಜಕ್ಕೂ ಯಾರದೋ ಕಬ್ಬಿನ ಹೊಲ ಇರಬೇಕು ಎಂದು ಯೋಚಿಸಿದೆ. ಎಷ್ಟು ಸುಲಭವಾಗಿ ಯೋಚಿಸಿದೆ ಎಂದರೆ ಈಗ ಬರೆಯಲು ಕೈ ನಾಚುತ್ತದೆ.

ಆಗ ನಮ್ಮಲ್ಲಿ ರೇಣುಕಾ ಎಂಬ ಹೊಸ ಹುಡುಗಿ ಸೇರಿದ್ದಳು, ರಬಕವಿಯವಳು. ಪ್ರೋಗ್ರಾಮು ಕಲಿಯಲೆಂದು ಹಳೆಯ ಪುಸ್ತಕಗಳ ಲೆಕ್ಕಗಳನ್ನು ತಾನೇ ಓಡಿಸಿ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಸಂಗಪ್ಪನ ಪುಸ್ತಕ ಹಿಡಿದು ಬಂದಳು.

"ಅಕ್ಕಾರ, ನಂದು ಎಲ್ಲೋ ತಪ್ಪಾಗೈತಿ. ನಿಮ್ಮ ಉತ್ತರ ಬರವಲ್ದು."

"ಕೋನ ಸರಿ ಹಾಕೀಯಿಲ್ಲೋ?"

"ಮೂರು ಸಲ ಹಾಕೇನ್ರಿ. ಉಳಿಕಿನೂ ಸೊನ್ನಿ ಆಗೈತಿ."

ಮೊದಲು ಅವಳನ್ನೇ ಸಂಶಯಿಸಿದೆ. ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ಓಡಿಸಲು ಹೇಳಿದೆ. ಕೋನಗಳು ಸರಿಯಾಗಿದ್ದವು. ಉಳಿಕೆ ನನ್ನಷ್ಟೇ ಸಣ್ಣದು. ಜಾಗ ಮಾತ್ರ ಬೇರೆ, ನನ್ನದರಿಂದ ಅರವತ್ತು ಮೀಟರ್ ದೂರ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಒಂದೇ: ಅವಳು ಕೊಟ್ಟ ಮೊದಲ ಊಹೆ. ನಾನು ನಕ್ಷೆಯ ಜಾಗದಿಂದ ಹೊರಟಿದ್ದೆ, ಅವಳು ಸುಮ್ಮನೆ ಹೊಳೆಯ ನಡುವಿನಿಂದ ಹೊರಟಿದ್ದಳು.

ಮೂರನೆಯ ಊಹೆ ಕೊಟ್ಟೆ. ಮೂರನೆಯ ಜಾಗ ಬಂತು. ನಾಲ್ಕನೆಯದಕ್ಕೆ ನಾಲ್ಕನೆಯದು. ಪ್ರತಿ ಸಲವೂ ಉಳಿಕೆ ಸೊನ್ನೆಗೆ ಇಳಿದು, ಇದೇ ಜಾಗ ಎಂದು ಪ್ರೋಗ್ರಾಮು ಹೇಳುತ್ತಿತ್ತು. ದೊಡ್ಡ ಹಾಳೆ ಹಾಸಿ, ಕಳಸ ಚಿಮಣಿ ಟಾಕಿ ಗುರುತಿಸಿ, ಕೈವಾರ ತೆಗೆದುಕೊಂಡು ಆ ಮೂರರ ಮೂಲಕ ಹಾಯುವ ವೃತ್ತ ಎಳೆದೆ. ನಾಲ್ಕೂ ಜಾಗಗಳು ಆ ವೃತ್ತದ ಗೆರೆಯ ಮೇಲೇ ಕುಳಿತಿದ್ದವು. ಕೊನೆಗೆ, ಮನಸ್ಸಿಲ್ಲದ ಮನಸ್ಸಿನಿಂದ, ಸಂಗಪ್ಪನ ಬಾವಿಯ ಅಳತೆ ಹೇಳುವ ಜಾಗವನ್ನೂ ಹಾಕಿದೆ. ಅದೂ ಗೆರೆಯ ಮೇಲೇ ಬಿತ್ತು.

ಸಾಲೆಯಲ್ಲಿ ಎಲ್ಲರೂ ಓದಿದ್ದೇ. ಒಂದೇ ವೃತ್ತಖಂಡದ ಗೆರೆಯ ಮೇಲೆ ಎಲ್ಲಿ ನಿಂತು ನೋಡಿದರೂ ಅದರ ಎರಡು ತುದಿಗಳ ನಡುವಿನ ಕೋನ ಒಂದೇ. ಮೂರು ಗುರುತುಗಳ ವೃತ್ತದ ಮೇಲೇ ನೀವೂ ನಿಂತಿದ್ದರೆ, ಆ ಎರಡು ಕೋನಗಳು ನೀವು ಎಲ್ಲಿದ್ದೀರೆಂದು ಹೇಳಲಾರವು, ಇಡೀ ಗೆರೆಯ ಮೇಲೆ ಎಲ್ಲಿಯಾದರೂ ಇರಬಹುದು ಎಂದಷ್ಟೇ ಹೇಳುತ್ತವೆ. ಸಂಗಪ್ಪನ ದಿಬ್ಬ ಹೆಚ್ಚುಕಡಿಮೆ ಅಂಥ ವೃತ್ತದ ಮೇಲಿತ್ತು. ಪ್ರೋಗ್ರಾಮಿಗೆ ತಗ್ಗಿನ ಒಂದು ತಳ ಸಿಕ್ಕಿರಲಿಲ್ಲ, ಉದ್ದನೆಯ ಒಂದು ಚರಂಡಿ ಸಿಕ್ಕಿತ್ತು. ಹೊರಟ ಕಡೆಯಿಂದ ಇಳಿದು ಚರಂಡಿಯಲ್ಲಿ ಮೊದಲು ಕಾಲಿಟ್ಟಲ್ಲಿ ನಿಂತುಬಿಟ್ಟಿತ್ತು. ನಾನು ನಕ್ಷೆಯ ಜಾಗದ ಹತ್ತಿರದಿಂದ ಹೊರಟಿದ್ದರಿಂದ ಅದು ನನಗೆ ನಕ್ಷೆಯ ಹತ್ತಿರದ ಜಾಗವನ್ನೇ ಒಪ್ಪಿಸಿತ್ತು. ನನ್ನ ಊಹೆಯನ್ನೇ ಉತ್ತರವೆಂದು ನನಗೆ ಮರಳಿಸಿತ್ತು.

ಕೈಲೆಕ್ಕದ ಕಾಲದಲ್ಲಿ ಇದು ಆಗುತ್ತಿರಲಿಲ್ಲ. ಅಲ್ಲಿ ಅಳೆದ ಎರಡು ಕೋನಗಳನ್ನೂ, ನಕ್ಷೆಯಲ್ಲಿ ಚಿಮಣಿಯಿಂದ ಕಳಸಕ್ಕೂ ಟಾಕಿಗೂ ಎಳೆದ ಗೆರೆಗಳ ನಡುವಿನ ಕೋನವನ್ನೂ ಮೊದಲ ಸಾಲಿನಲ್ಲೇ ಕೂಡಿಸಬೇಕಿತ್ತು. ಮೊತ್ತ ನೂರೆಂಬತ್ತರ ಹತ್ತಿರ ಬಂದರೆ ಪಟ್ಟಣಶೆಟ್ಟಿಯವರು ಪೆನ್ನು ಕೆಳಗಿಡಿಸಿ, "ಹೊಲಕ್ಕ ವಾಪಸ್ ಕಳಸ್ರಿ, ನಾಕನೇ ಗುರ್ತ ನೋಡಿ ಬರ್ಲಿ," ಅನ್ನುತ್ತಿದ್ದರು. ನನಗೆ ಅದೆಲ್ಲ ಗೊತ್ತಿತ್ತು. ಪ್ರೋಗ್ರಾಮು ಆ ಮೊತ್ತವನ್ನು ಕೇಳಲಿಲ್ಲ, ನಾನೂ ಕೂಡಿಸಲಿಲ್ಲ. ಉಳಿಕೆ ಸೊನ್ನೆ ಎಂದು ಹೆಮ್ಮೆಯಿಂದ ಬರೆದಿದ್ದೆನಲ್ಲ, ಗೊತ್ತಿಲ್ಲದ್ದು ಎರಡು, ಅಳೆದ ಕೋನವೂ ಎರಡು, ಅಲ್ಲಿ ಉಳಿಕೆ ಸೊನ್ನೆಯಾಗುವುದು ದೊಡ್ಡ ಸಂಗತಿಯೇ ಅಲ್ಲ. ಅದು ಯಾವುದಕ್ಕೂ ಸಾಕ್ಷಿಯಲ್ಲ. ಸಾಕ್ಷಿ ಎಂದು ಇದ್ದದ್ದು ಬಾವಿಯ ಅಳತೆ ಒಂದೇ. ಅದನ್ನೇ ನಾನು ನಂಬಲರ್ಹವಲ್ಲ ಎಂದಿದ್ದೆ.

ಹಾಳೆ ಸುತ್ತಿಕೊಂಡು ಸಾಹೇಬರ ಹತ್ತಿರ ಹೋದೆ. ವೃತ್ತವನ್ನು ತೋರಿಸಿ ಎಲ್ಲವನ್ನೂ ಹೇಳಿದೆ.

"ಹಂಗಂದ್ರ ಮಷೀನ್ ಸುಳ್ಳು ಹೇಳ್ತೈತಿ ಅಂತೀರೇನು, ಕಮಲಾಬಾಯಿ?"

"ಇಲ್ರಿ ಸಾಹೇಬ್ರ. ಇಲ್ಲಿ ಇರಬಹುದು ಅಂತ ಹೇಳ್ತು. ಇಲ್ಲೇ ಐತಿ ಅಂತ ಬರದಾಕಿ ನಾನು."

"ಸಂಗಪ್ಪ ನಿಮ್ಮ ಮನೀಗಿ ಬಂದಿದ್ನೇನು?"

ನನಗೆ ಸಿಟ್ಟು ಬಂತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. "ಬಂದಿಲ್ರಿ. ನಾಕನೇ ಗುರ್ತ ನೋಡಾಕ ಪರ್ಮಿಷನ್ ಕೊಡ್ರಿ. ನೀವೂ ಬರ್ರಿ. ಅವನ್ನೂ ಕರಸ್ರಿ," ಅಂದೆ. ಒಂದು ದಿನ ತಡೆದು ಒಪ್ಪಿದರು. ಒಂದು ಷರತ್ತು: ಸಂಗಪ್ಪ ಉಪಕರಣಕ್ಕೆ ಕೈ ಹಚ್ಚಕೂಡದು.

ಸಾಹೇಬರು, ಸಂಗಪ್ಪ, ರೇಣುಕಾ, ನಾನು, ನಾಲ್ವರೂ ಜೀಪಿನಲ್ಲಿ ಹೋದೆವು. ದಿಬ್ಬದ ಕಲ್ಲಿನ ಮೇಲೆ ಥಿಯೋಡೊಲೈಟ್ ನಿಲ್ಲಿಸಿದೆವು. ಕಲ್ಲು ಹೇಗಿತ್ತೋ ಹಾಗೇ ಇತ್ತು, ಬುಡದ ಸಿಮೆಂಟಿನಲ್ಲಿ ಒಂದು ಬಿರುಕೂ ಇರಲಿಲ್ಲ. ಈಚೆ ದಂಡೆಯ ಗುಡ್ಡದ ನೆತ್ತಿಯಲ್ಲಿ ಹಳೆಯ ಸರ್ವೇ ಕಂಬವೊಂದಿತ್ತು, ವೃತ್ತದಿಂದ ದೂರ, ನಮ್ಮ ಬೆನ್ನ ಹಿಂದೆ. ಅದೇ ನಾಲ್ಕನೇ ಗುರುತು. ರೇಣುಕಾ ಕೋನ ಓದಿದಳು, ನಾನು ಬರೆದೆ. ಸಾಹೇಬರು ಅವಳನ್ನು ಸರಿಸಿ ಮತ್ತೆ ತಾವೇ ಓದಿದರು, ನಾನು ಬರೆದದ್ದನ್ನು ಕಸಿದುಕೊಂಡು ತಮ್ಮದರ ಜೊತೆ ಹೋಲಿಸಿದರು. ಸಂಗಪ್ಪ ದೂರದ ಜಾಲಿಯ ನೆರಳಿನಲ್ಲಿ ಕೈಕಟ್ಟಿ ನಿಂತಿದ್ದ.

ದಿಬ್ಬದ ಕೆಳಗಿನ ಸಾಲೆಯ ಪಡಸಾಲೆಯಲ್ಲಿ ಕುಳಿತು ಸಾಹೇಬರು ತಂದಿದ್ದ ಲ್ಯಾಪ್‌ಟಾಪು ತೆಗೆದೆವು. ನಾಲ್ಕು ಗುರುತುಗಳ ಕೋನ ಹಾಕಿ, ನಕ್ಷೆಯ ಜಾಗದಿಂದ ಓಡಿಸಿದೆ. ಹೊಳೆಯ ನಡುವಿನಿಂದ ಓಡಿಸಿದೆ. ಸಾಹೇಬರು ತಮಗೆ ತೋಚಿದ ಒಂದು ಊಹೆ ಹೇಳಿದರು, ಮುಧೋಳ ಪೇಟೆಯ ಕಡೆಯದು ಯಾವುದೋ. ಅಲ್ಲಿಂದಲೂ ಓಡಿಸಿದೆ. ಎಲ್ಲಿಂದ ಹೊರಟರೂ ಉತ್ತರ ಒಂದೇ ಜಾಗಕ್ಕೆ ಬಂದು ನಿಂತಿತು. ಈ ಸಲ ಉಳಿಕೆ ಸೊನ್ನೆಯಾಗಿರಲಿಲ್ಲ, ಸ್ವಲ್ಪ ಉಳಿದಿತ್ತು. ನಿಜವಾಗಿ ಅಳೆದ ಕೋನಗಳಲ್ಲಿ ಅಷ್ಟು ಉಳಿಯಲೇಬೇಕು. ಬಂದ ಜಾಗ ಬಾವಿಯ ಅಳತೆಯ ಜಾಗಕ್ಕೆ ಒಂದು ಗೇಣು ದೂರದಲ್ಲಿತ್ತು.

"ಆದ್ರ ಬಾವಿ ಎಲ್ಲೈತಿ?" ಅಂದರು ಸಾಹೇಬರು. ಇನ್ನೂ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಒಳಗಿನಿಂದ ಮುಖ್ಯಾಧ್ಯಾಪಕಿ ಬಂದರು. "ಬಾವಿ ಇತ್ತಲ್ರೀ. ಹುಡುಗ್ರು ಹಣಿಕಿ ಹಾಕ್ತಾವಂತ ನಾನ ಹಠ ಹಿಡದು ಪಂಚಾಯ್ತಿಯವರ ಕಡಿಂದ ಮುಚ್ಚಿಸೇನಿ. ಇವ್ರು ಅಳದು ಹೋದ ಮುಂದಿನ ವಾರ." ಅಂಗಳದಲ್ಲಿ ನಿಂತಿದ್ದ ಸಂಗಪ್ಪನ ಕಡೆ ಕೈ ಮಾಡಿದರು. "ಇವ್ರು ಬೆಳಿಗ್ಗಿ ಆರಕ್ಕ ಬಂದಿದ್ರು. ನಮ್ಮ ಮನಿ ಚಹಾ ಕುಡದು, ಒಂಬತ್ತಕ್ಕ ಕೆಲಸ ಮುಗಿಸಿ, ನಮ್ಮ ಮನ್ಯಾಗ ಅಂಗಿ ಬದಲಿ ಮಾಡಿಕೊಂಡು, ಲಗ್ನೈತಿ ಅಂತ ಬಸ್ಸಿಗಿ ಓಡಿದ್ರು. ಈ ಮಾತು ಮೊದಲ ನನ್ನ ಯಾರರ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ. ಅವರು ಕಚೇರಿಗೆ ಬಂದ ದಿನ ನಾನು ಎರಡು ಮಾರು ದೂರದಲ್ಲಿ ಕುಳಿತಿದ್ದೆ.

ಸಂಗಪ್ಪ ಅಂಗಳದಿಂದ ಹತ್ತಿರ ಬಂದ. ಸಾಹೇಬರ ಕಡೆ ನೋಡಿ, "ಸರಪಳಿಗಿ ಕೈ ಹಚ್ಚಬಹುದೇನ್ರಿ?" ಎಂದು ಕೇಳಿದ. ಸಾಹೇಬರು ಆಗಲಿ ಎಂದು ತಲೆಯಾಡಿಸಿದರು. ಒಂದು ತುದಿಯನ್ನು ರೇಣುಕಾಳ ಕೈಗೆ ಕೊಟ್ಟು ಕಲ್ಲಿನ ಹತ್ತಿರ ನಿಲ್ಲಿಸಿ, ದಿಕ್ಕನ್ನು ನನ್ನಿಂದ ಕೇಳಿಕೊಂಡು, ಆಟದ ಬಯಲಿನ ಕಡೆ ನಡೆದ. ತನ್ನ ಪುಸ್ತಕದ ಅಳತೆ ಮುಗಿದಲ್ಲಿ ನಿಂತು ಹಿಮ್ಮಡಿಯಿಂದ ಒಂದು ಗೀಟು ಎಳೆದ. "ಇಲ್ಲಿ ಅಗಸ್ರಿ," ಅಂದ. ಸಾಲೆಯ ಜವಾನ ಗುದ್ದಲಿ ತಂದ. ಮೊಳಕಾಲುದ್ದ ಮಣ್ಣು ತೆಗೆಯುವುದರೊಳಗೆ ಗುದ್ದಲಿ ಟಣ್ ಎಂದಿತು. ಬಾವಿಯ ಕಟ್ಟೆಯ ಕಲ್ಲು, ಹಗ್ಗ ಉಜ್ಜಿ ಬಿದ್ದ ಸವಕಳಿಯ ಸಮೇತ.

ಸಾಹೇಬರು ಕನ್ನಡಕ ಒರೆಸಿಕೊಂಡು ಜೀಪಿನ ಕಡೆ ಹೋದರು. ನಾನು ಸಂಗಪ್ಪನ ಹತ್ತಿರ ಹೋಗಿ, "ಸಂಗಪ್ಪನವರ, ಬೆಳಿಗ್ಗೇನ ಕೆಲಸ ಮುಗಿಸಿ ಲಗ್ನಕ್ಕ ಹೋದ್ನಿ ಅಂತ ಆ ದಿನ ಒಂದು ಮಾತು ಹೇಳಬಾರದಿತ್ತೇನು?" ಎಂದು ಕೇಳಿದೆ. ಅದುವರೆಗೆ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದವಳು.

ಅವನು ಸರಪಳಿಯನ್ನು ಮಡಚುತ್ತಲೇ ಹೇಳಿದ: "ಲೋಕಾಪುರದಾಗ ನೀವು ನನ್ನ ನೋಡಿದ್ರಿ. ನಾನೂ ನಿಮ್ಮನ್ನ ನೋಡಿದ್ನಿ. ಎಲ್ಲಿಂದ ಬಂದಿ ಅಂತ ಆಗ ಒಂದು ಮಾತು ಕೇಳಿದ್ರ ಹೇಳ್ತಿದ್ನಿರಿ. ಸಾಹೇಬ್ರು ಕೇಳೂ ಹೊತ್ತಿಗಿ ನಿಮ್ಮ ಲೆಕ್ಕ ಮುಗದಿತ್ತು."

ಮರುದಿನ ಎರಡನೇ ಟಿಪ್ಪಣಿ ಬರೆಯಲು ಕುಳಿತೆ. "ಹೊಸ ಮಾಹಿತಿ ದೊರೆತಿರುವುದರಿಂದ" ಎಂದು ಶುರುಮಾಡಿರೆಂದು ಸಾಹೇಬರು ಸೂಚಿಸಿದರು. ಹಾಗೆ ಬರೆದರೆ ಅವರಿಗೂ ನನಗೂ ತೊಂದರೆಯಿರಲಿಲ್ಲ. ನಾನು ಬರೆದದ್ದು: "ಹಿಂದಿನ ಟಿಪ್ಪಣಿಯ ಮೊದಲ ವಾಕ್ಯ ಯಾವುದಕ್ಕೂ ಸಾಕ್ಷಿಯಲ್ಲ, ಉಳಿದೆರಡೂ ತಪ್ಪು. ತಪ್ಪು ನನ್ನದು. ಸರಪಳಿಯ ಅಳತೆ ಸರಿಯಾಗಿದೆ." ಸಾಹೇಬರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು, ಆದರೆ ಟಿಪ್ಪಣಿಯನ್ನು ಮೇಲಕ್ಕೆ ಕಳಿಸಿದರು. ನನ್ನ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಬಿತ್ತು. ಗೂಟಗಳು ಸಾಲೆಯ ಆಚೆಗೆ ಹೋದವು. ಸಂಗಪ್ಪ ಕೆಲಸಕ್ಕೆ ಮರಳಿದ. ನಾವು ಮತ್ತೆ ಬೆನ್ನಿಗೆ ಬೆನ್ನು ಹಚ್ಚಿ ಕುಳಿತೆವು, ಈಗ ಬೇರೆ ಬೇರೆ ಊಹೆಗಳಿಂದ ಹೊರಡುವುದಕ್ಕೆ. ಅದಕ್ಕೆ ಸಾಹೇಬರು ಅಡ್ಡ ಬರಲಿಲ್ಲ.

ಹೊಸಬರಿಗೆ ಲೆಕ್ಕದ ಬಗ್ಗೆ ಹೇಳುವುದೇನಾದರೂ ಇದ್ದರೆ ಅದು ಇದರಲ್ಲೇ ಬಂತು. ಗುರುತು ಒಂದು ಹೆಚ್ಚು ನೋಡಿ, ಊಹೆ ಬದಲಿಸಿ ಓಡಿಸಿ, ಉಳಿಕೆ ಸೊನ್ನೆ ಬಂದರೆ ಯಾಕೆ ಬಂತೆಂದು ಕೇಳಿ. ಇನ್ನೊಂದು ಸಂಗತಿ ಮಾತ್ರ ಉಳಿದಿದೆ.

ಕೆಲಸಕ್ಕೆ ಮರಳಿದ ಮೇಲೆ ಸಂಗಪ್ಪ ತನ್ನ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋಗುವುದನ್ನು ಬಿಟ್ಟ. ನನ್ನ ಕೈಗೇ ಕೊಟ್ಟು, ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಸಹಿ ಮಾಡುವ ತನಕ ಎದುರಿಗೆ ನಿಂತಿರುತ್ತಿದ್ದ. "ಕೂಡ್ರಿ ಸಂಗಪ್ಪನವರ," ಅಂದರೆ, "ಇರ್ಲಿ ಬಾಯಾರ," ಅನ್ನುತ್ತಿದ್ದ. ಮಾತಿನಲ್ಲಿ ಸಿಟ್ಟಿರಲಿಲ್ಲ. ನನ್ನ ಬೆರಳು ಯಾವ ಸಾಲಿನ ಮೇಲೆ ಹೋಗುತ್ತಿದೆ, ಎಲ್ಲಿ ಹಾರುತ್ತಿದೆ ಎಂದು ನೋಡುತ್ತಿದ್ದ, ಅಷ್ಟೇ. ಒಂದು ವರ್ಷದಲ್ಲಿ ಬಿಡುತ್ತಾನೆಂದುಕೊಂಡೆ. ಆರು ವರ್ಷ ನಿಂತ.

ಅವನು ನಿವೃತ್ತನಾದ ದಿನ ಮಧ್ಯಾಹ್ನ ಹಾರ, ಶಾಲು, ಪೇಢೆ ಎಲ್ಲ ಆದವು. ಸಾಹೇಬರು ಹೊಗಳಿ ಮಾತಾಡಿದರು. ಎಲ್ಲ ಮುಗಿದ ಮೇಲೆ ಅವನು ಕೊನೆಯ ಪುಸ್ತಕ ಹಿಡಿದು ನನ್ನ ಮೇಜಿಗೆ ಬಂದ, ಹೆಗಲ ಮೇಲೆ ಶಾಲು ಹಾಗೇ ಇತ್ತು. ನಾನು ತೆರೆದು ಓದಿದೆ. ಹೊರಗೆ ಅವನನ್ನು ಕರೆದೊಯ್ಯಲು ಬಂದ ಮಗಳು ಆಟೋದಲ್ಲಿ ಕಾಯುತ್ತಿದ್ದಳು. ಹನ್ನೊಂದು ಪುಟ, ಒಂದು ಸಾಲೂ ಬಿಡದೆ ಓದಿ ಸಹಿ ಹಾಕಿದೆ.

"ಆತೇನ್ರಿ?" ಅಂದ.

"ಆತು," ಅಂದೆ.

ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಸಹಿಯ ಕೆಳಗೆ ತಾರೀಖು ಸರಿಯಾಗಿದೆಯೋ ಎಂದು ನೋಡಿ, ಆಮೇಲೆ ಹೋದ.